ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಚ್ಚಿ

ಎರಡೂವರೆ ಸಾವಿರ ರೂಪಾಯಿ ಕೊಟ್ಟು ತಂದ ಚೂರಿಯಲ್ಲಿ ನಾಲ್ಕು ಕುಂದು ಕಂಡವು. ಅಲಗಿನ ಮೇಲೆ ಕೊರೆದ ಕಂಪೆನಿಯ ಹೆಸರು ವಾರೆ. ಬಾಯಿಯನ್ನು ಅರೆದ ಪಟ್ಟಿ ಒಂದು ಬದಿ ಅಗಲ, ಇನ್ನೊಂದು ಬದಿ ಸಪೂರ. ಹಿಡಿಯ ಮರಕ್ಕೂ ಉಕ್ಕಿಗೂ ನಡುವೆ ಸಂದು. ಹಿಡಿಯ ಹತ್ತಿರ ಬಾಯಿ ತುಸು ಒಳಕ್ಕೆ ತಗ್ಗಿದೆ. ಬನ್ನಂಜೆಯ ನಮ್ಮ ಮನೆಯಲ್ಲಿ ಇದರ ಮೇಲೆ ಎರಡು ಪಕ್ಷವಾಯಿತು. “ಹೋಗ್ಲಿ ಬಿಡು ಮಾರಾಯ್ತಿ, ಒಂದು ಚೂರಿಗೆ ಎಂತ ವಾರಂಟಿ” ಎಂದರು ಯಜಮಾನರು. “ನಾಲ್ಕಕ್ಕೂ ಕೇಳು ಅಮ್ಮ” ಎಂದ ಮಣಿಪಾಲದಲ್ಲಿ ಕಲಿಯುವ ಮಗ. ನನಗೆ ಇಬ್ಬರ ಮಾತೂ ಸರಿ ಕಾಣಲಿಲ್ಲ.

ಮನೆಯಿಂದಲೇ ಸಣ್ಣಪುಟ್ಟ ಅಡುಗೆಯ ಆರ್ಡರ್ ಮಾಡಿಕೊಡುವವಳು ನಾನು. ಮಟ್ಟುಗುಳ್ಳ, ಸುವರ್ಣಗೆಡ್ಡೆ, ಬೂದುಗುಂಬಳ ಎಲ್ಲ ಕೊಚ್ಚಬೇಕು. ಮೆಟ್ಟುಕತ್ತಿಯ ಮುಂದೆ ಕೂರಲು ಮೊಣಕಾಲು ಬಿಡುವುದಿಲ್ಲ, ಹಾಗಾಗಿ ಚೂರಿ. ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎನ್ನುವುದೇ ನನ್ನ ಮಟ್ಟಿಗೆ ಅಳತೆಗೋಲು.

ಹೆಸರು ವಾರೆಯಾದರೆ ಪಲ್ಯಕ್ಕೇನೂ ಆಗುವುದಿಲ್ಲ. ಬಾಯಿಯ ಪಟ್ಟಿ ಹೆಚ್ಚುಕಡಿಮೆಯಾದದ್ದೂ ಸಾಣೆಕಲ್ಲಿನ ಮೇಲೆ ನಿಧಾನವಾಗಿ ಸರಿಹೋಗುತ್ತದೆ. ಕೈಯಲ್ಲಿ ಹಿಡಿದು ಅರೆಯುವ ಕೆಲಸದಲ್ಲಿ ಇಷ್ಟು ವ್ಯತ್ಯಾಸ ಇದ್ದದ್ದೇ. ಇವೆರಡನ್ನು ನಾನು ಬಿಟ್ಟೆ.

ಬಿಡಲಾಗದ್ದು ಉಳಿದ ಎರಡು. ಬಾಯಿಯನ್ನು ಕೆಳಗೆ ಮಾಡಿ ಗಾಜಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ನೋಡಿದರೆ ಹಿಡಿಯ ಹತ್ತಿರ ಬೆಳಕಿನ ಗೆರೆ ಕಾಣುತ್ತಿತ್ತು. ಅಲ್ಲಿ ಅಲಗು ಹಲಗೆಯನ್ನು ಮುಟ್ಟುವುದೇ ಇಲ್ಲ. ಅಲಸಂಡೆ ಕೊಚ್ಚಿದರೆ ತುಂಡು ಬೇರೆಯಾಗದೆ ಮಾಲೆಯ ಹಾಗೆ ನೇತಾಡಿಕೊಂಡೇ ಬರುತ್ತದೆ. ಇದನ್ನು ಕಲ್ಲಿನಲ್ಲಿ ಸರಿಮಾಡಬೇಕಾದರೆ ಇಡೀ ಅಲಗನ್ನೇ ಸವೆಸಬೇಕು. ಇನ್ನು ಹಿಡಿಯ ಸಂದು. ಕ್ಯಾಲೆಂಡರಿನ ಹಾಳೆಯ ಮೂಲೆಯನ್ನು ತೂರಿಸಿ ನೋಡಿದೆ, ಎರಡನೆಯ ರಿವೆಟ್‌ವರೆಗೂ ಸಲೀಸಾಗಿ ಹೋಯಿತು. ಕಾಗದ ಹೋಗುವಲ್ಲಿ ನೀರು ಹೋಗದೇ ಇರುತ್ತದೆಯೇ? ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಳಗೆ ಸೇರಿದ ನೀರು ಆರುವುದಿಲ್ಲ. ಒಳಗಿನಿಂದ ತುಕ್ಕು, ಮರ ಉಬ್ಬುವುದು, ಕೊನೆಗೆ ರಿವೆಟ್ ಸಡಿಲ. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದ್ದು ಎಂಬ ನಂಬಿಕೆ ಹಲವರಿಗಿದೆ. ಶೇಕಡ 10.5ರಷ್ಟಾದರೂ ಕ್ರೋಮಿಯಂ ಸೇರಿದರೆ ಉಕ್ಕಿಗೆ ಆ ಹೆಸರು ಬರುತ್ತದೆ, ಆದರೆ ನೀರು ನಿಂತಲ್ಲಿ ಅದಕ್ಕೂ ತುಕ್ಕು ಬರುತ್ತದೆ.

ಹಾಗೆಂದು ಕಂಡದ್ದೆಲ್ಲ ಕಾರ್ಖಾನೆಯ ಕುಂದಲ್ಲ. ಕಾರ್ಬನ್ ಉಕ್ಕಿನ ಚೂರಿ ಮಾವಿನಕಾಯಿ ಹುಳಿಗೆ ಕಪ್ಪಾದರೆ ಅದು ದೋಷವಲ್ಲ, ಆ ಉಕ್ಕಿನ ಗುಣ. ತೆಂಗಿನ ಚಿಪ್ಪಿಗೆ ಹೊಡೆದು ಬಾಯಿಯ ಚಕ್ಕೆ ಹಾರಿಸಿಕೊಂಡು, “ಬರುವಾಗಲೇ ಹೀಗಿತ್ತು” ಎಂದು ಅಂಗಡಿಗೆ ಒಯ್ಯುವವರನ್ನೂ ನಾನು ಕಂಡಿದ್ದೇನೆ. ಇಂಥವರಿಂದಾಗಿಯೇ ನಿಜವಾದ ದೂರು ಹೊತ್ತು ಹೋದವರನ್ನೂ ಅಂಗಡಿಯವರು ಅನುಮಾನದಿಂದ ನೋಡುವುದು.

ಒಂದು ಎಚ್ಚರಿಕೆ ಬೇಕು. ವಾರಂಟಿ ಕೇಳುವುದೋ ಬೇಡವೋ ಎಂಬುದು ಚೂರಿಯನ್ನು ಕಲ್ಲಿಗೆ ಹಚ್ಚುವ ಮೊದಲೇ ತೀರ್ಮಾನವಾಗಬೇಕು. ಒಮ್ಮೆ ಅರೆದ ಮೇಲೆ ಕುಂದು ಕಾರ್ಖಾನೆಯದೋ ನಮ್ಮ ಕೈಯದೋ ಹೇಳುವವರಾರು? ಹೊಸದಿರುವಾಗಲೇ ಫೋಟೊ ತೆಗೆದಿಡಿ, ಬಿಲ್ಲು ಜೋಪಾನ ಮಾಡಿ.

ನಾನು ಹೋದಾಗ ಅಂಗಡಿಯ ಹುಡುಗ, “ಅದು ಹಾಗೇ ಬರುದು ಅಕ್ಕ, ಕೆಲಸಕ್ಕೆ ಎಂತ ತೊಂದ್ರೆ ಇಲ್ಲ” ಎಂದ. ಕಾನೂನು ಹಾಗೆ ಹೇಳುವುದಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ವ್ಯಾಪಾರಿ ಹೇಳಿಕೊಂಡ ಗುಣಮಟ್ಟಕ್ಕಿಂತ ಸರಕು ಕಡಿಮೆಯಿದ್ದರೆ ಅದೂ ದೋಷವೇ. ದೋಷದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ಬರೇ ವ್ಯಾಪಾರಕ್ಕೆಂದು ಕೊಂಡವರಿಗೆ ಈ ಕಾಯ್ದೆ ಅನ್ವಯಿಸದು, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ನನ್ನಂಥವರನ್ನು ಅದು ಗ್ರಾಹಕರೆಂದೇ ಎಣಿಸುತ್ತದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಅಷ್ಟು ದೂರ ಹೋಗುವ ಅಗತ್ಯ ನನಗೆ ಬರಲಿಲ್ಲ. ಗಾಜಿನ ಮೇಲಿಟ್ಟ ಚೂರಿಯ ಫೋಟೊ, ಸಂದಿನೊಳಗೆ ನಿಂತ ಕಾಗದದ ಫೋಟೊ ಎರಡನ್ನೇ ಕಂಪೆನಿಗೆ ಕಳಿಸಿದೆ, ವಾರೆ ಹೆಸರಿನ ಮಾತೆತ್ತಲಿಲ್ಲ. ಮೊದಲು “ಮುಂದಿನ ಖರೀದಿಗೆ ರಿಯಾಯಿತಿ” ಎಂದರು. ಒಪ್ಪದೆ ಹೋದಾಗ ಬದಲಿ ಚೂರಿ ಬಂತು. ಅದರಲ್ಲೂ ಬಾಯಿಯ ಪಟ್ಟಿ ಒಂದು ಬದಿ ಅಗಲವೇ. ಇರಲಿ, ಅಲಸಂಡೆ ಚೆನ್ನಾಗಿ ಕೊಚ್ಚುತ್ತದೆ.

ಬಸ್ರೂರಿನ ಬಳಕೆದಾರರ ವೇದಿಕೆಯ, ಗ್ರಾಹಕರ ಪರ ಹೋರಾಡಿದ ಡಾ. ರವೀಂದ್ರನಾಥ ಶಾನುಭಾಗರ ಹೆಸರು ಕೇಳಿ ಬೆಳೆದ ಜಿಲ್ಲೆ ನಮ್ಮದು. ಆದರೂ ಸಣ್ಣ ಮೊತ್ತವೆಂದರೆ ನಾವು ಸುಮ್ಮನಾಗುತ್ತೇವೆ. ಕಾರ್ಖಾನೆಯಲ್ಲಿ ಆಗಬೇಕಿದ್ದ ತಪಾಸಣೆ ನಮ್ಮ ಅಡುಗೆಮನೆಗೆ ಬಂದು ಬೀಳುವುದು ಈ ಮೌನದಿಂದಲೇ. ಪಾತ್ರೆ ಅಂಗಡಿಯವರಲ್ಲಿ ಒಂದೇ ಕೋರಿಕೆ: ಬಿಲ್ಲು ಹರಿಯುವ ಮೊದಲು ಪೆಟ್ಟಿಗೆ ಬಿಚ್ಚಿ, ಕೌಂಟರಿನ ಗಾಜಿನ ಮೇಲೆ ಚೂರಿಯನ್ನಿಟ್ಟು ಗಿರಾಕಿಗೆ ತೋರಿಸಿ. ಕೊಳ್ಳುವವರೂ ನಾಚಿಕೆ ಬಿಟ್ಟು ಕೇಳಿ.