ಮರಿಯ ಮೊದಲ ದಿನಗಳು

ಬೆಳ್ಳಾರೆ ಕಡೆಯ ತೋಟದ ಮನೆಗಳಲ್ಲಿ ಅಂಗಳದ ಊರಕೋಳಿಯೂ ಉಂಟು, ಹ್ಯಾಚರಿಯಿಂದ ತಂದ ಗಿರಿರಾಜ ತಳಿಯ ಮರಿಯೂ ಉಂಟು. ಶೆಡ್ಡಿನಲ್ಲಿ ಬ್ರಾಯ್ಲರ್ ಸಾಕುವವರೂ ಇದ್ದಾರೆ. ಮರಿ ತೂಕಡಿಸಿ ಬಿಳಿ ಭೇದಿ ಮಾಡಿತೆಂದರೆ ಎಲ್ಲರೂ ಕೇಳುವುದು, ಯಾವ ಮದ್ದು ಕೊಡಬೇಕು ಎಂದು. ಮದ್ದಿಗೆ ಜಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಾಣಿಸಿಕೊಂಡಿರುವ ಈ ಕಾಲದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ: ರೋಗವನ್ನು ತಾನೇ ಎದುರಿಸುವ ಬಲ ಆ ಮರಿಗೆ ಬರಲು ನಾವು ಬಿಟ್ಟೆವೇ?

ಮದ್ದನ್ನು ಸೋಲಿಸುವ ಬ್ಯಾಕ್ಟೀರಿಯಾ ಅಷ್ಟಕ್ಕೇ ಮೈಯ ಕಾವಲನ್ನು ಸೋಲಿಸುವುದಿಲ್ಲ. ಅದು ಆಂಟಿಬಯಾಟಿಕ್ಕನ್ನು ಒಡೆಯಬಹುದು, ಹೊರಕ್ಕೆ ದೂಡಬಹುದು. ಆದರೆ ಪ್ರತಿಕಾಯಗಳು ಗುರುತು ಹಿಡಿಯುವ ಅದರ ಹೊರಮೈ ಸಾಮಾನ್ಯವಾಗಿ ಹಳೆಯದೇ. ಲಸಿಕೆಯ ಮೇಲೆ ನನಗಿರುವ ಭರವಸೆಗೆ ಇದೇ ಕಾರಣ. ಬ್ರಿಟನ್ನಿನಲ್ಲಿ 1998ರಿಂದ ಮೊಟ್ಟೆಕೋಳಿಗಳಿಗೆ ಲಸಿಕೆ ಹಾಕುತ್ತ, ಶೆಡ್ಡಿನ ಶುಚಿತ್ವವನ್ನೂ ಬಿಗಿಗೊಳಿಸಿದ ಮೇಲೆ ಮೊಟ್ಟೆಯಿಂದ ಜನರಿಗೆ ತಗಲುವ ಸಾಲ್ಮೊನೆಲ್ಲಾ ಬಹಳ ಇಳಿಯಿತು.

ಪ್ರತಿಕಾಯದ ಮೂಲ ತಿಳಿದದ್ದೂ ಕೋಳಿಯಿಂದ, ಅದೂ ಸಾಲ್ಮೊನೆಲ್ಲಾದ ನೆಪದಲ್ಲಿ! ಅಮೆರಿಕದ ಓಹಾಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಕೋಳಿಯ ಗುದದ ಬಳಿಯ ಬರ್ಸಾ ಎಂಬ ಪುಟ್ಟ ಚೀಲವನ್ನು ತೆಗೆದು ಅದರ ಕೆಲಸವೇನೆಂದು ನೋಡುತ್ತಿದ್ದರು. ಪಾಠಕ್ಕಾಗಿ ಸಹಪಾಠಿ ಚಾಂಗ್ ಅದೇ ಕೋಳಿಗಳಿಗೆ ಸಾಲ್ಮೊನೆಲ್ಲಾ ಅಂಶ ಚುಚ್ಚಿದಾಗ ಚೀಲವಿಲ್ಲದ ಬಹುಪಾಲು ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ಇದು ಅಚ್ಚಾದದ್ದು 1956ರಲ್ಲಿ. ಪ್ರತಿಕಾಯ ತಯಾರಿಸುವ, ಮನುಷ್ಯರ ಬಿ ಜೀವಕೋಶಗಳ ಅರಿವಿಗೂ ಅದೇ ದಾರಿಯಾಯಿತು.

ಆದರೆ ಸಾಲ್ಮೊನೆಲ್ಲಾ ರಕ್ತದಲ್ಲಿ ಬಯಲಿಗೆ ನಿಲ್ಲುವ ಶತ್ರುವಲ್ಲ. ತನ್ನನ್ನು ನುಂಗಲು ಬಂದ ಜೀವಕೋಶದ ಒಳಗೇ ಬದುಕುತ್ತದೆ. ಅಲ್ಲಿಗೆ ಪ್ರತಿಕಾಯ ತಲುಪದು. ಮೈಯ ಕಾವಲಿನ ಇನ್ನೊಂದು ಪಡೆಯಾದ ಟಿ ಜೀವಕೋಶಗಳ ನೆರವು ಬೇಕು. ಈಗಷ್ಟೇ ಒಡೆದು ಬಂದ ಮರಿಯಲ್ಲಿ ಆ ಬಲ ಇನ್ನೂ ಬಲಿತಿರುವುದಿಲ್ಲ. ಮೊಟ್ಟೆಯ ಹಳದಿ ಭಂಡಾರದ ಮೂಲಕ ತಾಯಿ ಕೊಟ್ಟ ಪ್ರತಿಕಾಯ ಸ್ವಲ್ಪ ಕಾಲದ ಬುತ್ತಿ ಮಾತ್ರ.

ಹೇಂಟೆ ಕಾವು ಕೂತು ಮಾಡಿದ ಮರಿ ಅದರ ಹಿಂದೆಯೇ ನೆಲ ಕೆದಕುತ್ತ ಅದರ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಪಡೆಯುತ್ತದೆ. ಹ್ಯಾಚರಿಯ ಮರಿಗೆ ತಾಯಿಯ ಒಡನಾಟವೇ ಇಲ್ಲ. ಫಿನ್ಲೆಂಡಿನ ನುರ್ಮಿ ಮತ್ತು ರಾಂಟಾಲ 1973ರಲ್ಲಿ ದೊಡ್ಡ ಕೋಳಿಯ ಕರುಳಿನ ಜೀವಿಗಳನ್ನು ಮರಿಗಳಿಗೆ ಕುಡಿಸಿ ಸಾಲ್ಮೊನೆಲ್ಲಾ ತಡೆಯಬಹುದೆಂದು ತೋರಿಸಿದರು. ಮೊದಲ ದಿನವೇ ನೀರಿಗೆ ಆಂಟಿಬಯಾಟಿಕ್ ಬೆರೆಸುವುದು ಇದಕ್ಕೆ ತದ್ವಿರುದ್ಧ: ನೆಲೆಯೂರಬೇಕಾದ ಕಾವಲುಗಾರರನ್ನು ಕೊಂದು ಮದ್ದಿಗೆ ಜಗ್ಗದವರಿಗೆ ಜಾಗ ಬಿಟ್ಟುಕೊಟ್ಟಂತೆ. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕಿನ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸರಿಯಾಗಿಯೇ ಇತ್ತು. ಮನುಷ್ಯರಿಗೆ ಉಳಿದಿರುವ ಕೊನೆಯ ಮದ್ದುಗಳಲ್ಲಿ ಅದೊಂದು.

ಹಾಗೆಂದು ಊರಕೋಳಿ ನಿರಪಾಯವೆಂದಲ್ಲ. ಗಟ್ಟಿಮುಟ್ಟಾದ ಹೇಂಟೆಯೂ ಕಾಯಿಲೆಯ ಸುಳಿವಿಲ್ಲದೆ ಸಾಲ್ಮೊನೆಲ್ಲಾ ಹೊತ್ತು ತಿರುಗಬಲ್ಲದು. ಅದರ ಹಿಕ್ಕೆ ಹಸಿಯಾಗಿಯೇ ಅಡಿಕೆ ಬುಡಕ್ಕೆ ಬಿದ್ದರೆ ರೋಗಾಣುವೂ ಅದರ ಮದ್ದು ಸೋಲಿಸುವ ಗುಣವೂ ತೋಟ ಸೇರುತ್ತವೆ. ಗೊಬ್ಬರವನ್ನು ಚೆನ್ನಾಗಿ ಕೊಳೆಸಿಯೇ ಹಾಕಬೇಕು. ಮಳೆಗಾಲದಲ್ಲಿ ಶೆಡ್ಡಿನ ಹೊಟ್ಟು ಒದ್ದೆಯಾಗದಂತೆ ನೋಡಬೇಕು. ಮರಿ ಕೊಳ್ಳುವಾಗ ತಾಯಿಕೋಳಿಗಳ ಪರೀಕ್ಷೆಯಾಗಿದೆಯೇ, ಲಸಿಕೆ ಬಿದ್ದಿದೆಯೇ ಎಂದು ಹ್ಯಾಚರಿಯವರನ್ನು ಕೇಳಲೇಬೇಕು.