ಮಂಡಿ ಬದಲಾಯಿಸಿದ ಮೇಲೆ ರೋಗಿಯನ್ನು ಕೇಳಿದವರು ಯಾರು?

ಗಾಯ ಕೀವಾಗದೆ ಮಾಗಿದರೆ, ಎಕ್ಸ್‌ರೇಯಲ್ಲಿ ಲೋಹದ ಕೀಲು ನೆಟ್ಟಗೆ ಕೂತಿದ್ದು ಕಂಡರೆ, ರೋಗಿ ವಾಕರ್ ಹಿಡಿದು ವಾರ್ಡಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಆಸ್ಪತ್ರೆಯ ಮಟ್ಟಿಗೆ ಮಂಡಿ ಶಸ್ತ್ರಚಿಕಿತ್ಸೆ ಯಶಸ್ವಿ. ರೋಗಿಯ ಲೆಕ್ಕ ಶುರುವಾಗುವುದು ಅಲ್ಲಿಂದ ಮುಂದೆ. ರಾತ್ರಿ ನೋವಿಲ್ಲದೆ ನಿದ್ದೆ ಬಂತೇ, ಬಸ್ಸಿನ ಮೆಟ್ಟಿಲು ಹತ್ತಲು ಆಯಿತೇ, ಹೊಲದ ಬದುವಿನ ಮೇಲೆ ನಡೆಯಬಹುದೇ, ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರೊಡನೆ ಕೂರಬಹುದೇ? ಈ ಎರಡನೇ ಲೆಕ್ಕವನ್ನು ನಮ್ಮಲ್ಲಿ ಬರೆದಿಡುವವರು ತೀರಾ ಕಡಿಮೆ. ಚೇತರಿಕೆಯ ಅಧ್ಯಯನಕ್ಕೆ ಮಂಡಿ ರೋಗಿಗಳನ್ನು ಕರೆಯುವ ಕೆಲಸ ದೊಡ್ಡ ಪ್ರಮಾಣದಲ್ಲಿ ಆಗಬೇಕು ಎನ್ನುವುದು ಇದಕ್ಕಾಗಿ.

ಕೇಳಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಉದಾಹರಣೆ ಇದೆ. ಮಂಡಿ ಕೀಲು ಬದಲಿಸಿಕೊಂಡ 1,703 ಮಂದಿಯ ಉತ್ತರಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ತಮಗೆ ತೃಪ್ತಿಯಿಲ್ಲ ಎಂದಿದ್ದರು. ಈ ಅತೃಪ್ತಿಯ ಜತೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದು ನಿರೀಕ್ಷೆ ಈಡೇರದಿರುವುದು. ಇಂಥದ್ದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2009ರಿಂದ ಸೊಂಟ ಮತ್ತು ಮಂಡಿ ಕೀಲು ಬದಲಿಯ ರೋಗಿಗಳಿಗೆ ಆಪರೇಷನ್‌ಗೆ ಮುನ್ನ ಒಮ್ಮೆ, ಆರು ತಿಂಗಳ ನಂತರ ಇನ್ನೊಮ್ಮೆ ಪ್ರಶ್ನಾವಳಿ ಕೊಡುತ್ತಾ ಬಂದಿದೆ. ಮುನ್ನ ಕೇಳುವುದು ಬಹಳ ಮುಖ್ಯ. ವರ್ಷದ ಹಿಂದೆ ಎಷ್ಟು ನೋವಿತ್ತು ಎಂದು ಆಮೇಲೆ ನೆನಪಿಸಿಕೊಂಡು ಹೇಳಿದ್ದನ್ನು ನಂಬಿ ಅಳೆಯಲಾಗದು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೇ ಬೇರೆ. ರೋಗಿ ಮತ್ತೆ ಬರಲಿಲ್ಲ ಎಂದರೆ ಆರಾಮಾಗಿದ್ದಾರೆ ಎಂದು ಭಾವಿಸಲಾಗುತ್ತದೆ. ನೋವು ಉಳಿದವರು ಬೇರೆ ವೈದ್ಯರ ಹತ್ತಿರ ಹೋಗಿರಬಹುದು, ಸಾಲ ಮಾಡಿ ಮಾಡಿಸಿಕೊಂಡದ್ದು ಹೀಗಾಯಿತಲ್ಲ ಎಂಬ ಸಂಕಟದಲ್ಲಿ ಸುಮ್ಮನಾಗಿರಬಹುದು, ಬೆಂಗಳೂರಿಗೋ ಹುಬ್ಬಳ್ಳಿಗೋ ಇನ್ನೊಂದು ಸಲ ಬರುವ ಬಸ್ ಖರ್ಚಿಗೇ ಹಿಂಜರಿದಿರಬಹುದು. ಮರಳಿ ಬಂದವರನ್ನು ಮಾತ್ರ ಎಣಿಸಿ ಹೇಳುವ ಯಶಸ್ಸಿನ ಶೇಕಡಾವಾರು ನನ್ನ ದೃಷ್ಟಿಯಲ್ಲಿ ಜಾಹೀರಾತೇ ಹೊರತು ವಿಜ್ಞಾನವಲ್ಲ. ಬಾರದವರನ್ನು ಹುಡುಕಿಕೊಂಡು ಹೋಗುವುದೇ ಸಂಶೋಧನೆಯ ಅರ್ಧ ಕೆಲಸ.

ಹಾಗೆ ಹುಡುಕುವ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಎಎಸ್‌ಆರ್ ಎಂಬ ಕೃತಕ ಸೊಂಟದ ಕೀಲಿನ ಪ್ರಕರಣ ತೋರಿಸಿಕೊಟ್ಟಿದೆ. ಆಸ್ಟ್ರೇಲಿಯಾದಲ್ಲಿ 1999ರಿಂದ ಕೀಲು ಬದಲಿಯ ರಾಷ್ಟ್ರೀಯ ನೋಂದಣಿ ಇದೆ. ಈ ಕೀಲು ಹಾಕಿಸಿಕೊಂಡವರಿಗೆ ಮರು ಶಸ್ತ್ರಚಿಕಿತ್ಸೆ ಅತಿಯಾಗಿ ಬೇಕಾಗುತ್ತಿದೆ ಎಂದು ಆ ನೋಂದಣಿಯ ಅಂಕಿಗಳು ಬೇಗನೆ ಹೇಳಿದವು. ತಯಾರಕ ಕಂಪನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂಪಡೆಯಿತು. ಭಾರತದಲ್ಲಿ ಆ ಕೀಲು ಬಳಸಿ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ವರ್ಷಗಳ ನಂತರ ಕೇಂದ್ರ ಸರ್ಕಾರದ ತಜ್ಞರ ಸಮಿತಿ ಪರಿಶೀಲಿಸಿದಾಗ ಬಹುಪಾಲು ರೋಗಿಗಳ ಪತ್ತೆಯೇ ಇರಲಿಲ್ಲ. ದೇಹದೊಳಗೆ ದೋಷವಿರುವ ಲೋಹ ಇಟ್ಟುಕೊಂಡು ಓಡಾಡುವವರಿಗೆ ಸುದ್ದಿ ಮುಟ್ಟಿಸಲು ವಿಳಾಸ ಇಲ್ಲದ ಸ್ಥಿತಿ ಅದು. ನಮ್ಮ ಕೀಲು ಶಸ್ತ್ರಚಿಕಿತ್ಸಕರ ಸಂಘವೂ ನೋಂದಣಿಯೊಂದನ್ನು ನಡೆಸುತ್ತಿದೆ, ಮೆಚ್ಚಬೇಕಾದ ಕೆಲಸ. ಆದರೆ ಅದು ವೈದ್ಯರು ಸ್ವಇಚ್ಛೆಯಿಂದ ತುಂಬುವ ದಾಖಲೆ. ಮನಸ್ಸಿದ್ದವರು ಬರೆಯುತ್ತಾರೆ, ಉಳಿದವರ ರೋಗಿಗಳು ಅಲ್ಲಿ ಇಲ್ಲ.

ರೋಗಿಗಳು ಅಧ್ಯಯನಕ್ಕೆ ಒಪ್ಪಿದರೆ ವೈದ್ಯಕೀಯದ ದಿಕ್ಕೇ ಬದಲಾಗುತ್ತದೆ ಎಂಬುದಕ್ಕೂ ಮಂಡಿಯೇ ಸಾಕ್ಷಿ. ಅಮೆರಿಕದ ಹ್ಯೂಸ್ಟನ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂಧಿವಾತವಿದ್ದ 180 ಮಂದಿ ಭಾಗವಹಿಸಿದ್ದರು. ಕೆಲವರಿಗೆ ಆರ್ತ್ರೋಸ್ಕೋಪಿ ಮೂಲಕ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಕೊಳವೆ ತೂರಿಸಿ, ಕೀಲಿನೊಳಗೆ ತೊಳೆದು ಕೆರೆಯಲಾಯಿತು, ಕೆಲವರಿಗೆ ತೊಳೆದಷ್ಟೇ ಬಿಡಲಾಯಿತು, ಇನ್ನು ಕೆಲವರಿಗೆ ಚರ್ಮ ಕೊಯ್ದು ಹೊಲಿಗೆ ಹಾಕಿದ್ದು ಬಿಟ್ಟರೆ ಒಳಗೆ ಏನೂ ಮಾಡಲಿಲ್ಲ. ಎರಡು ವರ್ಷ ಹಿಂಬಾಲಿಸಿದರೂ ಮೂರೂ ಗುಂಪುಗಳ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಂಧಿವಾತಕ್ಕೆ ಲಕ್ಷಾಂತರ ಮಂದಿಗೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯ ಅಡಿಪಾಯ ಅಲ್ಲಿಗೆ ಅಲುಗಿತು. ಫಿನ್ಲೆಂಡಿನಲ್ಲಿ 146 ರೋಗಿಗಳು ಒಪ್ಪಿದ್ದರಿಂದ, ಸವೆದು ಹರಿದ ಮೆನಿಸ್ಕಸ್ (ಮಂಡಿ ಕೀಲಿನೊಳಗಿನ ಮೆತ್ತೆ) ಕತ್ತರಿಸುವುದೂ ಹುಸಿ ಶಸ್ತ್ರಚಿಕಿತ್ಸೆಗಿಂತ ಮೇಲಲ್ಲ ಎಂದು 2013ರಲ್ಲಿ ಗೊತ್ತಾಯಿತು.

ಹ್ಯೂಸ್ಟನ್ನಿನ ಪ್ರಯೋಗದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕರೆದ ರೀತಿ. ತಮಗೆ ಸಿಗುವುದು ಬರೀ ಹುಸಿ ಶಸ್ತ್ರಚಿಕಿತ್ಸೆಯೂ ಆಗಿರಬಹುದು, ಅದರಿಂದ ಸಂಧಿವಾತಕ್ಕೆ ಲಾಭವಾಗದು ಎಂಬುದನ್ನು ಪ್ರತಿ ರೋಗಿಯೂ ಸ್ವಂತ ಕೈಬರಹದಲ್ಲಿ ಬರೆದುಕೊಡಬೇಕಿತ್ತು. ಅರ್ಹರಾಗಿದ್ದ 324 ಮಂದಿಯಲ್ಲಿ 144 ಮಂದಿ ಬೇಡ ಎಂದರು. ಇಷ್ಟು ಜನ ಬೇಡ ಎಂದದ್ದೇ ಉಳಿದವರ ಒಪ್ಪಿಗೆಗೆ ಬೆಲೆ ತಂದದ್ದು.

ನಮ್ಮವರ ಅಂಜಿಕೆಗೆ ಕಾರಣಗಳಿವೆ. ಅವಿಭಜಿತ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನಕ್ಕೆ ಹಾಸ್ಟೆಲ್ ಹುಡುಗಿಯರ ಪರವಾಗಿ ವಾರ್ಡನ್‌ಗಳು ಸಹಿ ಹಾಕಿದ್ದು ಸಂಸತ್ತಿನ ಸಮಿತಿಯವರೆಗೆ ಹೋಯಿತು. ‘ನಮ್ಮ ಮೇಲೆ ಪ್ರಯೋಗ ಮಾಡ್ತೀರಾ?’ ಎಂದು ಕೇಳುವ ಅಜ್ಜಿಯನ್ನು ಅನಕ್ಷರಸ್ಥೆ ಎಂದು ತಳ್ಳಿಹಾಕುವವರಿಗೆ ಈ ಇತಿಹಾಸ ಗೊತ್ತಿಲ್ಲ. ಚೇತರಿಕೆಯ ಅಧ್ಯಯನದಲ್ಲಿ ಬಹುತೇಕ ಹೊಸ ಔಷಧವಾಗಲಿ ಹೆಚ್ಚುವರಿ ಸೂಜಿಯಾಗಲಿ ಇರುವುದಿಲ್ಲ, ಇರುವುದು ಪ್ರಶ್ನೆಗಳು ಮತ್ತು ಕೆಲವು ಫೋನ್ ಕರೆಗಳು. ಅದನ್ನು ನೆಮ್ಮದಿಯಿಂದ ಕೂತು ವಿವರಿಸಬೇಕು. ಆಪರೇಷನ್ ಮಾಡುವ ವೈದ್ಯರೇ ಕೇಳಬಾರದು. ನಾಳೆ ತನ್ನ ಕಾಲಿಗೆ ಕತ್ತಿ ಇಡುವವರಿಗೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಕಾಗದಗಳ ಕಟ್ಟಿನ ನಡುವೆ ಸಹಿ ಹಾಕಿಸಿಕೊಳ್ಳುವುದಂತೂ ಮೋಸವೇ.

ಪ್ರಶ್ನೆಗಳೂ ನಮ್ಮ ಬದುಕಿನವಾಗಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಆಕ್ಸ್‌ಫರ್ಡ್ ಮಂಡಿ ಪ್ರಶ್ನಾವಳಿಯಲ್ಲಿ 12 ಪ್ರಶ್ನೆಗಳಿವೆ. ಮೆಟ್ಟಿಲು ಇಳಿಯುವುದು, ಊಟ ಮುಗಿಸಿ ಕುರ್ಚಿಯಿಂದ ಏಳುವುದು, ಮಂಡಿಯೂರಿ ಏಳುವುದು, ಅಂಗಡಿಗೆ ಹೋಗಿ ಬರುವುದು ಎಲ್ಲ ಅಲ್ಲಿ ಬರುತ್ತವೆ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವುದು, ಕುಕ್ಕರಗಾಲಿನ ಶೌಚಾಲಯ, ನಮಾಜು, ನಾಟಿ ಮಾಡುವಾಗ ಕೆಸರಲ್ಲಿ ಕಾಲೂರುವುದು ಬರುವುದಿಲ್ಲ. ಆ ಪ್ರಶ್ನಾವಳಿಯಲ್ಲಿ ಒಳ್ಳೆಯ ಅಂಕ ಪಡೆದ ರೈತ ಮಹಿಳೆ ಮನೆಯ ಶೌಚಾಲಯಕ್ಕೆ ಹೋಗಲಾರದೆ ಒದ್ದಾಡುತ್ತಿರಬಹುದು. ಇನ್ನೊಂದು ತೊಡಕು ಫೋನು. ಆಸ್ಪತ್ರೆಯಲ್ಲಿ ಬರೆಸಿದ ನಂಬರು ಎಷ್ಟೋ ಸಲ ಮಗನದು. ಕರೆ ಮಾಡಿದರೆ ಅವನೇ ‘ಅಮ್ಮ ಆರಾಮಾಗಿದ್ದಾರೆ’ ಎಂದು ಮುಗಿಸುತ್ತಾನೆ. ಅಮ್ಮನ ಮಾತೇ ಬೇಕು, ಅದಕ್ಕೆ ಮನೆಗೆ ಹೋಗಬೇಕಾದರೂ ಸರಿ.

ಸರ್ಕಾರ ಇಲ್ಲಿ ಕೈಕಟ್ಟಿ ಕೂರುವಂತಿಲ್ಲ. 2017ರ ಆಗಸ್ಟ್‌ನಲ್ಲಿ ಮಂಡಿ ಕೀಲುಗಳ ಬೆಲೆಗೆ ಮಿತಿ ಹಾಕಿದಾಗ ಹಲವು ಕುಟುಂಬಗಳು ಉಸಿರಾಡಿದವು. ಬೆಲೆ ಇಳಿದ ಮೇಲೆ ಫಲ ಹೇಗಿದೆ ಎಂದು ನೋಡುವುದೂ ಅದೇ ಸರ್ಕಾರದ ಹೊಣೆ. ಸರ್ಕಾರಿ ಯೋಜನೆಯಡಿ ಹಣ ಪಾವತಿಯಾಗುವ ಪ್ರತಿ ಕೀಲು ಬದಲಿಗೂ ಮೊದಲು ಮತ್ತು ಆರು ತಿಂಗಳ ನಂತರ ರೋಗಿಯ ಉತ್ತರ ಕೇಳುವುದನ್ನು ಆಸ್ಪತ್ರೆಗೆ ಕಡ್ಡಾಯಗೊಳಿಸಬಹುದು, ಉತ್ತರಿಸುವುದು ರೋಗಿಯ ಇಷ್ಟ. ಫಿಸಿಯೊಥೆರಪಿ ಸಿಗದ ತಾಲ್ಲೂಕುಗಳಲ್ಲಿ ಮಂಡಿ ಎಷ್ಟು ಬಿಗಿದುಕೊಂಡೇ ಉಳಿಯುತ್ತಿದೆ ಎಂಬುದು ಆಗ ಹೊರಬೀಳುತ್ತದೆ. ಬಂದ ಫಲಿತಾಂಶವನ್ನು ಆಸ್ಪತ್ರೆವಾರು, ಕನ್ನಡದಲ್ಲಿ, ಉತ್ತರ ಕೊಟ್ಟವರಿಗೇ ಮೊದಲು ಕಳಿಸಬೇಕು. ಅಧ್ಯಯನಕ್ಕೆ ಕರೆಯುವ ಹಾಳೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೂರು ಸಂಗತಿ ಇರಲಿ: ಬೇಡ ಎಂದರೂ ಚಿಕಿತ್ಸೆ ಕಡಿಮೆಯಾಗದು, ಯಾವಾಗ ಬೇಕಾದರೂ ಹೊರಬರಬಹುದು, ದೂರಿದ್ದರೆ ನೈತಿಕತಾ ಸಮಿತಿಯ ಈ ನಂಬರಿಗೆ ಕರೆ ಮಾಡಿ. ಆ ನಂಬರಿಗೆ ಕರೆ ಬಂದಾಗ ಕನ್ನಡದಲ್ಲಿ ಉತ್ತರಿಸುವವರು ಇರಬೇಕು.