ಸಾಂಬ್ರಾಕ್ಕೆ ಕಟ್ಟಡದ ಅನುದಾನವಷ್ಟೇ ಸಾಕೇ?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಪ್ರಧಾನಿಯವರು ಶಂಕುಸ್ಥಾಪನೆ ನೆರವೇರಿಸಿದರು. ಇದು ಸ್ವಾಗತಾರ್ಹ. ಅನುದಾನ ಕೇಳುವುದು ಭಿಕ್ಷೆಯಲ್ಲ, ತೆರಿಗೆ ಕಟ್ಟುವ ಜನರ ಹಕ್ಕು. ಆದರೆ ಏನನ್ನು ಕೇಳಬೇಕೆಂಬ ವಿವೇಕವೂ ಬೇಕಲ್ಲವೇ?

ಹಿಂದಿನ ಅನುಭವವನ್ನೇ ನೋಡಿ. ರಾಜ್ಯ ಸರಕಾರ 370 ಎಕರೆ ಭೂಮಿ ನೀಡಿತು. 2017ರ ಸೆಪ್ಟೆಂಬರ್‌ನಲ್ಲಿ ಸುಸಜ್ಜಿತ ಟರ್ಮಿನಲ್ ಉದ್ಘಾಟನೆಯಾಯಿತು. ಮರುವರ್ಷವೇ ಉಡಾನ್ ನೆರವು ಪಡೆದ ಹುಬ್ಬಳ್ಳಿಯತ್ತ ವಿಮಾನಗಳು ಹೊರಳಿದವು. ಕಟ್ಟಡ ಉಳಿಯಿತು, ಪ್ರಯಾಣಿಕರು ಕರಗಿದರು. 2019ರಲ್ಲಿ ಉಡಾನ್‌ನ ಮೂರನೇ ಹಂತಕ್ಕೆ ಬೆಳಗಾವಿ ಸೇರಿದ ಬಳಿಕವೇ ನಿಲ್ದಾಣಕ್ಕೆ ಮತ್ತೆ ಕಳೆ ಬಂತು. ಆದರೆ ಆ ನೆರವಿನ ಅವಧಿ ಮೂರೇ ವರ್ಷ, ಅದರ ಶೇ. 20ರಷ್ಟನ್ನು ರಾಜ್ಯವೇ ಭರಿಸಬೇಕು. ಅವಧಿ ಮುಗಿದ ಮೇಲೆ ನಷ್ಟದ ಮಾರ್ಗದಲ್ಲಿ ಯಾವ ಕಂಪೆನಿ ತಾನೇ ವಿಮಾನ ಹಾರಿಸೀತು?

ಘಟಪ್ರಭಾ, ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ದುಡಿಮೆಗೆ ದೂರ ಹೋದ ಮಗನಿಗೆ, ಚಿಕಿತ್ಸೆಗೆ ಬೆಂಗಳೂರಿಗೆ ಹೊರಟ ತಾಯಿಗೆ ಬೇಕಾದುದು ಗಾಜಿನ ಗೋಡೆಯಲ್ಲ, ನಂಬಬಹುದಾದ ವೇಳಾಪಟ್ಟಿ. ರಾತ್ರಿ ವಿಮಾನದಿಂದ ಇಳಿದವರಿಗೆ ಊರು ಸೇರಲು ಬಸ್ಸಿಲ್ಲದಿದ್ದರೆ, ಟ್ಯಾಕ್ಸಿ ಬಾಡಿಗೆ ತೆರಲಾರದ ಬಡವನಿಗೆ ಆ ನಿಲ್ದಾಣದಿಂದ ಏನು ಪ್ರಯೋಜನ? ಮಿರಜ-ಲೋಂಡಾ ರೈಲು ಮಾರ್ಗ ಘಟಪ್ರಭಾವನ್ನು ಬೆಳಗಾವಿಗೆ ಜೋಡಿಸಿದೆ. ರೈಲಿನ ವೇಳೆಗೆ ಹೊಂದುವ ಬಸ್ಸನ್ನು ಸಾಂಬ್ರಾಕ್ಕೆ ಓಡಿಸುವುದು ಕಷ್ಟವೇನಲ್ಲ.

ಆದ್ದರಿಂದ ನಮ್ಮ ಸ್ಥಳೀಯ ಸಂಸ್ಥೆಗಳು ಒಮ್ಮತದ ಠರಾವು ಮಾಡಲಿ. ಕಟ್ಟಡದ ಹಣದೊಂದಿಗೆ ಮಾರ್ಗಗಳಿಗೆ ದೀರ್ಘಾವಧಿ ನೆರವು, ಊರೂರಿಗೆ ಬಸ್ಸು, ಖರ್ಚಿನ ಬಹಿರಂಗ ಲೆಕ್ಕ ಇವನ್ನೂ ಕೇಳಲಿ. ಸಾರ್ವಜನಿಕರ ಹಣ ಅಮಾನತ್ತು. ಅದನ್ನು ಕೇಳುವವರಿಗೂ ಕೊಡುವವರಿಗೂ ಉತ್ತರದಾಯಿತ್ವವಿದೆ.